ಚಿತ್ರದ ಬಂಡೆ, ನೀರಿನ ಹೊಂಡ
(ಬೇಡಕಿಹಾಳದಲ್ಲಿ ನೀಡಿದ ಉಪನ್ಯಾಸ)



ನೀವು ದೂಧಗಂಗೆಯ ಬಯಲಿನ ಜನ. ನೀರು ಎಂದರೆ ನದಿ, ಬಾವಿ, ಕಬ್ಬಿಗೆ ಹಾಯಿಸುವ ಪಂಪು. ಆದರೆ ನದಿಯೇ ಇಲ್ಲದ ಕಲ್ಲುಗುಡ್ಡದ ನೆತ್ತಿಯಲ್ಲಿ ಹಿಂದಿನವರು ನೀರಿಗೆ ಏನು ಮಾಡಿದರು?

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಇದಕ್ಕೆ ಉತ್ತರ ಹೇಳುತ್ತದೆ. ಸುತ್ತಲಿನವರು ಮೋರ್ಯರ ಗುಡ್ಡ ಎನ್ನುವ ಅಲ್ಲಿ ಕಬ್ಬಿಣ ಯುಗದ ಸುಮಾರು 400 ಶಿಲಾಸಮಾಧಿಗಳಿವೆ. ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಪುಟ್ಟ ಕಲ್ಮನೆಗಳವು. ಅವುಗಳ ಸಮೀಪದಲ್ಲೇ ಒಂದು ಹೊಂಡ. ಸಮಾಧಿಗಳಿಗೆ ಚಪ್ಪಡಿ ಎಬ್ಬಿಸಿದ ಕಲ್ಲುಗಣಿಯೇ ಮಳೆನೀರು ತುಂಬಿ ಹೊಂಡವಾಯಿತು. ಸತ್ತವರಿಗೆ ಮನೆ ಕಟ್ಟಲು ತೋಡಿದ ಕುಳಿ, ಬದುಕಿದವರ ಬಾಯಾರಿಕೆಗೆ ಒದಗಿತು!

ಅದೇ ಗುಡ್ಡದ ಬಂಡೆಗಳ ಆಸರೆಯಲ್ಲಿ ಕೆಂಪು ಕಾವಿಯ ಚಿತ್ರಗಳಿವೆ: ಕುಣಿಯುವ ಜನ, ಬೇಟೆಗಾರರು, ಪ್ರಾಣಿಗಳು.

ಚಿತ್ರಕ್ಕೂ ನೀರಿಗೂ ಇರುವ ನಂಟು ಮರುಭೂಮಿಯಲ್ಲಿ ಇನ್ನೂ ಸ್ಪಷ್ಟ. ಸಹಾರಾದ ತಾಸ್ಸಿಲಿ ಬಂಡೆಗಳ ಮೇಲೆ ದನಗಳ ಹಿಂಡೇ ಇದೆ. ಈಜಿಪ್ಟಿನ ಗಿಲ್ಫ್ ಕಬೀರ್‌ನಲ್ಲಿ 1933ರಲ್ಲಿ ಪತ್ತೆಯಾದ ಗವಿಯಲ್ಲಿ ಈಜುವಂತೆ ತೋರುವ ಮನುಷ್ಯರಿದ್ದಾರೆ. ಸುಮಾರು 5,000 ವರ್ಷಗಳ ಹಿಂದಿನವರೆಗೂ ಸಹಾರಾದಲ್ಲಿ ಹುಲ್ಲು, ಕೆರೆಗಳಿದ್ದವು. ನೀರು ಹೋಯಿತು, ಚಿತ್ರ ಸಾಕ್ಷಿಯಾಗಿ ಉಳಿಯಿತು.

ಹಾಗೆಂದು ಚಿತ್ರವಿರುವಲ್ಲೆಲ್ಲ ನೀರಿನ ಗುರುತು ಎಂದರೆ ಅವಸರವಾದೀತು. ಮಳೆ ತಾಗದ ಮೂಲೆಯಲ್ಲಿ ಮಾತ್ರ ಬಣ್ಣ ಉಳಿಯುತ್ತದೆ. ಬಯಲಿನಲ್ಲಿ ಬರೆದದ್ದು ಅಳಿದೇಹೋಗಿರಬಹುದು. ಚಿತ್ರ, ಸಮಾಧಿ, ಹೊಂಡ ಮೂರೂ ಒಂದೇ ಕಾಲದವು ಎಂದೂ ಭಾವಿಸಬೇಕಿಲ್ಲ. ಒಂದು ಮಾತು ಮಾತ್ರ ನಿಜ: ನೀರು ನಿಲ್ಲುವ ಜಾಗಕ್ಕೆ ಜನ ಮತ್ತೆ ಮತ್ತೆ ಬರುತ್ತಾರೆ, ಬಂದವರು ಏನನ್ನಾದರೂ ಬಿಟ್ಟುಹೋಗುತ್ತಾರೆ.

ಆದ್ದರಿಂದ ಬಂಡೆಯನ್ನಷ್ಟೇ ಕಾದರೆ ಸಾಲದು. ಹೊಂಡ, ಹಾದಿ, ಗುಡ್ಡ ಎಲ್ಲವೂ ಸೇರಿಯೇ ಆ ಚರಿತ್ರೆ. ಹಿರೇಬೆಣಕಲ್ 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಆದರೆ ಪಟ್ಟಿಗೆ ಸೇರದ ಹೊಂಡಗಳು, ಹಳೆಯ ಬಾವಿಗಳು ನಾಡಿನ ತುಂಬ ಇವೆ. ಅವುಗಳಿಗೆ ಕಾವಲುಗಾರರು ಯಾರು? ಊರಿನವರೇ ಅಲ್ಲವೆ?

ನಲ್ಲಿ ಬಂತೆಂದು ಹಳೆಯ ಬಾವಿಗೆ ಮಣ್ಣು ಸುರಿಯುವ ಮುನ್ನ ಒಮ್ಮೆ ಇಳಿದು ನೋಡಿ. ಕಟ್ಟೆಯ ಕಲ್ಲಿನ ಮೇಲೆ ಅಕ್ಷರವಿದೆಯೆ, ಗೆರೆಯಿದೆಯೆ ಎಂದು ಕೈಯಾಡಿಸಿ. ಇದ್ದರೆ ಪುರಾತತ್ವ ಇಲಾಖೆಗೆ ಒಂದು ಕಾಗದ ಬರೆಯಿರಿ. ಮುಚ್ಚಿದ ಮೇಲೆ ಹುಡುಕುವುದು ಕಷ್ಟ.