ಮೊಣಕಾಲಿಗೆ ಸೊಂಟದ ಮೂಳೆ

ನಮ್ಮ ಶಿವನಿಯ ಕಡೆ ತೋಟಗಳುಳ್ಳವರಿಗೆ ಅಡಿಕೆ ಮರದಿಂದ ಬಿದ್ದವರ ಸುದ್ದಿ ಹೊಸದಲ್ಲ. ಹಾಗೆ ಬಿದ್ದು ಮೊಣಕಾಲು ಮುರಿದುಕೊಂಡ, ಗೊನೆ ಕೀಳುವ ಹುಡುಗನೊಬ್ಬನಿಗೆ ಸೊಂಟದಿಂದ ಮೂಳೆ ತೆಗೆದು ಕಾಲಿಗೆ ತುಂಬಬೇಕೆಂದು ವೈದ್ಯರು ಹೇಳಿದರು. ಅವನ ತಾಯಿ ನನ್ನಲ್ಲಿಗೆ ಬಂದಳು. "ಮೇಷ್ಟ್ರೇ, ಮುರಿದಿರೋದು ಕಾಲು. ನೆಟ್ಟಗಿರೋ ಸೊಂಟ ಯಾಕೆ ಕುಯ್ಯಬೇಕು? ಕಟ್ಟು ಕಟ್ಟಿಸಿದ್ರೆ ಆಗಲ್ವಾ?"

ಕೇಳಿದ್ದು ನ್ಯಾಯವಾಗಿಯೇ ಇತ್ತು. ನಾನು ವೈದ್ಯನಲ್ಲ, ವೈದ್ಯರಿಂದ ಕೇಳಿ ತಿಳಿದುದನ್ನು ಅವಳಿಗೆ ಹೇಳಿದಂತೆಯೇ ನಿಮಗೂ ಹೇಳುತ್ತೇನೆ.

ಕಣಕಾಲಿನ ದಪ್ಪ ಮೂಳೆಯ ತಲೆ ಜಗಲಿಯಂತೆ ಚಪ್ಪಟೆ. ತೊಡೆಯ ಮೂಳೆ ಅದರ ಮೇಲೆ ಕುಳಿತಿರುತ್ತದೆ. ಜಗಲಿಯ ಮೇಲೆ ನುಣುಪಾದ ಮೆದುಮೂಳೆಯ ಹೊದಿಕೆ. ಒಳಗೆ ಜೇನುಹುಟ್ಟಿನಂತೆ ತೂತುತೂತಾದ ಮೂಳೆ. ಎತ್ತರದಿಂದ ಬಿದ್ದಾಗ ತೊಡೆಯ ಮೂಳೆ ಸುತ್ತಿಗೆಯಂತೆ ಬಡಿದು ಜಗಲಿಯ ಒಂದು ಭಾಗವನ್ನು ಕುಸಿಯಿಸಿಬಿಡಬಹುದು. ಕೈಕಾಲಿನ ನಡುಮೂಳೆ ಸರಳವಾಗಿ ಮುರಿದರೆ ಕಟ್ಟು ಫಲಿಸೀತು. ಒಳಗೆ ಹೂತುಹೋದ ತುಂಡನ್ನು ಹೊರಗಿನ ಕಟ್ಟು ಎತ್ತಲಾರದು. ಸುಶ್ರುತಸಂಹಿತೆಯಲ್ಲಿ ಕಾಂಡಭಗ್ನದ 12 ಬಗೆಗಳಿವೆ. ಪುಡಿಯಾದ 'ಚೂರ್ಣಿತ'ವನ್ನು ಅಲ್ಲಿಯೂ ಕಷ್ಟಸಾಧ್ಯಗಳ ಸಾಲಿಗೇ ಸೇರಿಸಿದೆ.

ಶಸ್ತ್ರವೈದ್ಯರು ಮೂಳೆಗೆ ಕಿಂಡಿ ಮಾಡಿ, ಕುಸಿದ ತುಂಡನ್ನು ಕೆಳಗಿನಿಂದ ಮೆಲ್ಲಗೆ ಮೇಲಕ್ಕೆ ನೂಕುತ್ತಾರೆ. ಜೇನುಹುಟ್ಟು ಜಜ್ಜಿಹೋಗಿರುವುದರಿಂದ ಅದರಡಿ ಪೊಳ್ಳು ಉಳಿಯುತ್ತದೆ. ಪೊಳ್ಳನ್ನು ತುಂಬದಿದ್ದರೆ ಜಗಲಿ ಮತ್ತೆ ಕುಸಿದೀತು. ಸೊಂಟದ ಮೇಲೆ ಕೈಯಿಟ್ಟರೆ ಬೆರಳಿಗೆ ಸಿಗುವ ಅಂಚಿದೆಯಲ್ಲ, ಅಲ್ಲಿ ಅಂಥದೇ ಮೂಳೆ ಬೇಕಾದಷ್ಟಿದೆ. ಅದನ್ನು ತಂದು ತುಂಬಿ, ಪಕ್ಕಕ್ಕೆ ಲೋಹದ ಪಟ್ಟಿಯನ್ನು ತಿರುಪುಮೊಳೆಗಳಿಂದ ಬಿಗಿಯುತ್ತಾರೆ. ಇದೇ ಮೂಳೆ ಕಸಿ.

ಕಸಿ ಎಂದೊಡನೆ ಮಾವಿನ ಗಿಡ ನೆನಪಾಗುತ್ತದೆ. ಆದರೆ ಹೋಲಿಕೆ ಪೂರ್ತಿ ಸಲ್ಲದು. ಮಾವಿನಲ್ಲಿ ಕಟ್ಟಿದ ಕುಡಿಯೇ ಬೆಳೆದು ಫಲ ಕೊಡುತ್ತದೆ. ಇಲ್ಲಿ ತುಂಬಿದ ಮೂಳೆ ಬಹುಮಟ್ಟಿಗೆ ಕರಗಿ, ಅದರ ಜಾಡಿನಲ್ಲೇ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. 1880ರ ಸುಮಾರಿಗೆ ಗ್ಲಾಸ್ಗೋ ನಗರದ ವಿಲಿಯಂ ಮೆಕ್ಯೂಯೆನ್ ಬೇರೆಯವರ ಮೂಳೆಯ ಚೂರುಗಳಿಂದ ಬಾಲಕನೊಬ್ಬನ ತೋಳಿನ ಮೂಳೆಯನ್ನೇ ಕಟ್ಟಿಕೊಟ್ಟಿದ್ದರು. ಈಗ ಮೂಳೆ ಬ್ಯಾಂಕಿನ ಮೂಳೆಯನ್ನೂ ಸುಣ್ಣದ ಲವಣಗಳಿಂದ ಮಾಡಿದ ತುಂಬುವಸ್ತುವನ್ನೂ ಬಳಸುವುದುಂಟು. ಸ್ವಂತ ಮೂಳೆಯಲ್ಲಿ ಜೀವಕಣಗಳಿರುತ್ತವೆ, ಅದೇ ಅದರ ಹೆಚ್ಚುಗಾರಿಕೆ.

"ಸೊಂಟ ನೋಯಲ್ವಾ?" ಎಂದಳು ತಾಯಿ. ನೋಯುತ್ತದೆ, ಕೆಲವರಿಗೆ ಕಾಲಿಗಿಂತ ಹೆಚ್ಚಾಗಿ, ಕೆಲವು ವಾರಗಳವರೆಗೆ. ಇದನ್ನು ಮುಚ್ಚಿಡದೆ ಹೇಳಿದೆ. ಅವಳು ಒಪ್ಪಿದಳು.

ಹುಡುಗ ಸುಮಾರು ಮೂರು ತಿಂಗಳು ಕಾಲೂರಲಿಲ್ಲ. ಬೀಡಿ ಸೇದಿದರೆ ಮೂಳೆ ಕೂಡುವುದು ತಡವೆಂದು ವೈದ್ಯರು ಹೇಳಿದ್ದರಿಂದ, ತಾಯಿ ಅವನ ಜೇಬು ತಡಕುತ್ತಿದ್ದಳು. ಈಗ ಅವನು ಮರ ಹತ್ತುವುದಿಲ್ಲ; ಕೆಳಗೆ ನಿಂತು, ಇಳಿದ ಗೊನೆಗಳನ್ನು ಎಣಿಸಿ ಗಾಡಿಗೆ ಹಾಕಿಸುತ್ತಾನೆ.