ದಿನಗಳ ಪುಸ್ತಕ, ಜನಗಳ ಪುಸ್ತಕ

ಹಿಂದೆ ಅಂಗಡಿಯ ಲೆಕ್ಕ ಬರೆಯುವವರು ಕಿರ್ದಿ ಮತ್ತು ಖಾತೆ ಎಂಬ ಎರಡು ಪುಸ್ತಕಗಳನ್ನು ಇಡುತ್ತಿದ್ದರು. ದಿನದ ವ್ಯವಹಾರವೆಲ್ಲ ನಡೆದ ಕ್ರಮದಲ್ಲಿಯೇ ಕಿರ್ದಿಗೆ ಏರುತ್ತಿತ್ತು. ಅದನ್ನೇ ಆಸಾಮಿವಾರು ವಿಂಗಡಿಸಿ ಖಾತೆಯಲ್ಲಿ ಬರೆಯುತ್ತಿದ್ದರು. ಒಂದು ದಿನಗಳ ಪುಸ್ತಕ, ಇನ್ನೊಂದು ಜನಗಳ ಪುಸ್ತಕ. ಎರಡನ್ನೂ ಎದುರಿಗಿಟ್ಟುಕೊಂಡು ತಾಳೆ ನೋಡಿದ ಹೊರತು ಗುಮಾಸ್ತೆ ಮನೆಗೆ ಹೋಗುವಂತಿರಲಿಲ್ಲ. ಇಂದು ಕಚೇರಿಯಲ್ಲಿ ದುಡಿಯುವ ಹೆಚ್ಚಿನವರ ಬಳಿ ಇಂಥ ಎರಡು ಪುಸ್ತಕಗಳಿವೆ. ದಿನಗಳ ಪುಸ್ತಕಕ್ಕೆ ಕ್ಯಾಲೆಂಡರ್ ಎನ್ನುತ್ತೇವೆ. ಜನಗಳ ಪುಸ್ತಕಕ್ಕೆ ಕಾಂಟ್ಯಾಕ್ಟ್ಸ್ ಎನ್ನುತ್ತೇವೆ. ತಾಳೆ ನೋಡುವ ಕೆಲಸಕ್ಕೆ ಸಿಂಕ್ ಎಂಬ ಹೆಸರು ಬಂದಿದೆ. ಕಚೇರಿಯ ಈ ಪುಸ್ತಕಗಳನ್ನು ಮೇಜಿನ ಮೇಲಿನ ಕಂಪ್ಯೂಟರಿನಲ್ಲಿರುವ ಇ-ಮೇಲ್ ತಂತ್ರಾಂಶಕ್ಕೆ ಹೊಂದಿಸಿಕೊಳ್ಳುವ ವಿಷಯವಾಗಿ ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಕಾಗದವೊಂದು ಬಂದರೆ ಅದರ ಜೊತೆಯಲ್ಲಿ ಒಂದು ದಿನವೂ ಒಬ್ಬ ಮನುಷ್ಯನೂ ಬಂದೇ ಬರುತ್ತಾರೆ. 'ಬರುವ ಗುರುವಾರ ಹನ್ನೊಂದು ಗಂಟೆಗೆ ಸಭೆ, ತಾವು ಬರತಕ್ಕದ್ದು' ಎಂಬ ಒಂದು ಸಾಲಿನಲ್ಲಿ ಈ ಮೂರೂ ಇವೆ. ಹೀಗಿದ್ದರೂ ಯಂತ್ರದ ಲೋಕದಲ್ಲಿ ಪತ್ರ, ದಿನ, ಜನ ಇವು ಬಹುಕಾಲ ಬೇರೆ ಬೇರೆ ಮನೆಗಳಲ್ಲಿ ವಾಸವಾಗಿದ್ದವು. 1990ರ ದಶಕದ ನಡುವಿನಲ್ಲಿ ಆಪಲ್, ಎಟಿ ಅಂಡ್ ಟಿ, ಐಬಿಎಂ, ಸೀಮೆನ್ಸ್ ಸಂಸ್ಥೆಗಳು ಕೂಡಿ ವರ್ಸಿಟ್ ಎಂಬ ಕೂಟವನ್ನು ಕಟ್ಟಿ, ವಿಳಾಸವನ್ನೂ ದಿನಚರಿಯನ್ನೂ ಎಲ್ಲ ಯಂತ್ರಗಳೂ ಓದಬಲ್ಲ ರೀತಿಯಲ್ಲಿ ಬರೆಯುವ ಕ್ರಮವೊಂದನ್ನು ಗೊತ್ತುಮಾಡಿದವು. ಅದರ ಮುಂದುವರಿಕೆಯಾಗಿ 1998ರಲ್ಲಿ ಐಕ್ಯಾಲೆಂಡರ್ ಎಂಬ ನಿಯಮಾವಳಿ ಬಂದಿತು. ಬರೆಯುವ ಕ್ರಮ ಒಂದಾಯಿತು. ಆದರೆ ಬರೆದದ್ದನ್ನು ಎರಡು ಕಡೆ ಸಮನಾಗಿ ಇಡುವ ಕ್ರಮಕ್ಕೆ ಇನ್ನೂ ಕಾಯಬೇಕಾಯಿತು. ದಿನಗಳಿಗೆ ಕ್ಯಾಲ್‌ಡ್ಯಾವ್ ಎಂಬ ಪದ್ಧತಿ 2007ರಲ್ಲಿ, ಜನಗಳಿಗೆ ಕಾರ್ಡ್‌ಡ್ಯಾವ್ ಎಂಬ ಪದ್ಧತಿ 2011ರಲ್ಲಿ ಪ್ರಕಟವಾದವು.

ಥಂಡರ್‌ಬರ್ಡ್ ಎಂಬ ಇ-ಮೇಲ್ ತಂತ್ರಾಂಶವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ನಾನು ದಿನವೂ ಬಳಸುವುದು ಅದನ್ನೇ. ಅದರ ಮೊದಲ ಆವೃತ್ತಿ ಹೊರಬಂದದ್ದು 2004ರ ಡಿಸೆಂಬರಿನಲ್ಲಿ. ಪ್ರತ್ಯೇಕ ಪೂರಕವಾಗಿದ್ದ ದಿನಚರಿ ಅದರ ಒಳಗೇ ಸೇರಿಕೊಂಡದ್ದು 2015ರಲ್ಲಿ; ಕಾರ್ಡ್‌ಡ್ಯಾವ್ ಮೂಲಕ ವಿಳಾಸಗಳನ್ನು ತಾನೇ ತರಿಸಿಕೊಳ್ಳಲು ಕಲಿತದ್ದು 2021ರಲ್ಲಿ. ಪತ್ರ, ದಿನ, ಜನ ಈ ಮೂವರು ಒಂದೇ ಸೂರಿನಡಿ ಬರಲು ಹದಿನಾರು ವರ್ಷಕ್ಕೂ ಹೆಚ್ಚು ಹಿಡಿಯಿತು. ಇಂದಿಗೂ ಎಲ್ಲ ಕಚೇರಿಗಳ ಸರ್ವರುಗಳೂ ಒಂದೇ ಭಾಷೆಯನ್ನು ಆಡುವುದಿಲ್ಲ. ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್‌ಗೆ ತನ್ನದೇ ಭಾಷೆಯುಂಟು. ಅದಕ್ಕೆ ಕ್ಯಾಲ್‌ಡ್ಯಾವ್ ತಿಳಿಯದು. ಅಂಥ ಕಡೆ ಆ ಭಾಷೆ ಬಲ್ಲ ತಂತ್ರಾಂಶವೊಂದು ನಮ್ಮ ಬಳಿ ಇರಬೇಕು. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ 'ನಮ್ಮ ಸರ್ವರ್ ಯಾವ ಭಾಷೆಯನ್ನು ಆಡುತ್ತದೆ' ಎಂಬುದು.

ಎರಡನೆಯ ಪ್ರಶ್ನೆ ಇನ್ನೂ ಮುಖ್ಯವಾದದ್ದು: ಮೂಲಪ್ರತಿ ಯಾವುದು? ಕಚೇರಿಯ ದಿನಚರಿಯನ್ನು ನಾವು ಎರಡು ಬಗೆಯಲ್ಲಿ ತರಿಸಿಕೊಳ್ಳಬಹುದು. ಒಂದು, ವಾರಪತ್ರಿಕೆಗೆ ಚಂದಾದಾರರಾದ ಹಾಗೆ. ಕಾಲಕಾಲಕ್ಕೆ ಹೊಸ ಪ್ರತಿ ಬರುತ್ತದೆ, ಓದಬಹುದು, ತಿದ್ದುವಂತಿಲ್ಲ. ಇನ್ನೊಂದು, ಪಾಲುದಾರರಾದ ಹಾಗೆ. ಇಲ್ಲಿ ಬರೆದದ್ದು ಅಲ್ಲಿಗೆ ಹೋಗುತ್ತದೆ, ಅಲ್ಲಿ ಬರೆದದ್ದು ಇಲ್ಲಿಗೆ ಬರುತ್ತದೆ. ಸಭೆಗಳನ್ನು ನೋಡಿಕೊಂಡರೆ ಸಾಕೆನ್ನುವವರು ಚಂದಾದಾರರಾಗಿಯೇ ಉಳಿಯುವುದು ಲೇಸು. ಅದರಲ್ಲಿ ಕೈತಪ್ಪಿಗೆ ಎಡೆಯಿಲ್ಲ.

ಪಾಲುದಾರಿಕೆಯಲ್ಲಿ ತಕರಾರು ಹುಟ್ಟುವುದು ಸಹಜ. ನಾನು ಇಲ್ಲಿ ಸಭೆಯನ್ನು ಹನ್ನೆರಡಕ್ಕೆ ಮುಂದೂಡುತ್ತಿರುವಾಗಲೇ ಮತ್ತೊಬ್ಬರು ಅಲ್ಲಿ ಹತ್ತಕ್ಕೆ ಹಿಂದೂಡಿದರೆ ಯಾವುದು ನಿಲ್ಲಬೇಕು? ಸರ್ವರ್ ಪ್ರತಿಯೊಂದು ನಮೂದಿಗೂ ಒಂದು ಮುದ್ರೆಯನ್ನು ಒತ್ತಿರುತ್ತದೆ. ನಮೂದು ಬದಲಾದಾಗಲೆಲ್ಲ ಮುದ್ರೆಯೂ ಬದಲಾಗುತ್ತದೆ. ನನ್ನ ಯಂತ್ರ ತಿದ್ದುಪಡಿಯನ್ನು ಕಳುಹಿಸುವಾಗ 'ಇಂಥ ಮುದ್ರೆಯ ಪ್ರತಿಯನ್ನು ನೋಡಿ ತಿದ್ದಿದ್ದೇನೆ' ಎಂದು ಅರಿಕೆ ಮಾಡಿಕೊಳ್ಳುತ್ತದೆ. ಅಷ್ಟರಲ್ಲಿ ಮುದ್ರೆ ಬದಲಾಗಿದ್ದರೆ ಸರ್ವರ್ ತಿದ್ದುಪಡಿಯನ್ನು ಒಪ್ಪದೆ ಹಿಂದಿರುಗಿಸುತ್ತದೆ. ಆಗ ನಿಮ್ಮದನ್ನು ಉಳಿಸಲೋ ಅವರದನ್ನು ಉಳಿಸಲೋ ಎಂದು ಮನುಷ್ಯನನ್ನು ಕೇಳಬೇಕಾಗುತ್ತದೆ. ಈ ಪ್ರಶ್ನೆ ಪರದೆಯ ಮೇಲೆ ಬಂದಾಗ ಬೇಸರಪಟ್ಟು ಯಾವುದೋ ಒಂದು ಗುಂಡಿಯನ್ನು ಒತ್ತಿಬಿಡುವವರನ್ನು ನೋಡಿದ್ದೇನೆ. ಯಂತ್ರ ನಮ್ಮ ವಿವೇಚನೆಯನ್ನು ಬೇಡುವುದು ಎಲ್ಲೋ ಅಪರೂಪಕ್ಕೆ. ಆಗಲಾದರೂ ಅದನ್ನು ಕೊಡುವುದು ಒಳ್ಳೆಯದು.

ಕಾಲದ ವಿಷಯಕ್ಕೆ ಬಂದರೆ ತಾಳೆ ಇನ್ನೂ ಕಠಿಣ. ನಮ್ಮ ದೇಶಕ್ಕೆಲ್ಲ ಒಂದೇ ಗಡಿಯಾರ. ಗ್ರೀನಿಚ್ ಕಾಲಕ್ಕಿಂತ ಐದೂವರೆ ಗಂಟೆ ಮುಂದು. ಚಳಿಗಾಲಕ್ಕೂ ಬೇಸಗೆಗೂ ಅದು ಬದಲಾಗುವುದಿಲ್ಲ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಹಾಗಲ್ಲ. 2007ರಿಂದ ಅಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ನವೆಂಬರಿನ ಮೊದಲನೆಯ ಭಾನುವಾರ ಹಿಂದಕ್ಕೆ ತಿರುಗಿಸುತ್ತಾರೆ. ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಹತ್ತಕ್ಕೆ ನಡೆಯುವ ಸಭೆ ಬೆಂಗಳೂರಿನವರಿಗೆ ಜುಲೈಯಲ್ಲಿ ಸಂಜೆ 7-30ಕ್ಕೆ, ಡಿಸೆಂಬರಿನಲ್ಲಿ ರಾತ್ರಿ 8-30ಕ್ಕೆ. ಆದ್ದರಿಂದ ದಿನಚರಿಯ ನಮೂದಿನಲ್ಲಿ ಗಂಟೆಯ ಜೊತೆಗೆ ಅದು ಯಾವ ಊರಿನ ಗಂಟೆ ಎಂಬುದೂ ಇರಬೇಕು. ಯಂತ್ರಗಳು ನಂಬುವ ಕಾಲವಲಯಗಳ ಪಟ್ಟಿಯಲ್ಲಿ ಭಾರತದ ಕಾಲಕ್ಕೆ ಕೋಲ್ಕತ್ತದ ಹೆಸರಿದೆ. ನ್ಯೂಯಾರ್ಕಿನವರ ಸಭೆಯನ್ನು ನಾವು ಕೋಲ್ಕತ್ತದ ಹೆಸರಿನಲ್ಲಿ ಬರೆದಿಟ್ಟರೆ, ನವೆಂಬರ್ ಬಂದಾಗ ಒಂದು ಗಂಟೆ ಮೊದಲೇ ಹೋಗಿ ಒಬ್ಬರೇ ಕುಳಿತಿರಬೇಕಾಗುತ್ತದೆ. ಗಂಟೆಯಿಲ್ಲದ ದಿನಗಳ ಕಷ್ಟ ಇನ್ನೊಂದು ಬಗೆಯದು. ಗಾಂಧಿ ಜಯಂತಿ ಅಕ್ಟೋಬರ್ 2. ಅದಕ್ಕೆ ಗಂಟೆ ಬೇಕಿಲ್ಲ. ತಂತ್ರಾಂಶವೊಂದು ಅದನ್ನು ಭಾರತದ ನಡುರಾತ್ರಿಯಿಂದ ಆರಂಭವಾಗುವ ಕೆಲಸವೆಂದು ಬರೆದುಕೊಂಡರೆ, ಲಂಡನ್ನಿನಲ್ಲಿ ಅದನ್ನು ತೆರೆದವರಿಗೆ ಅದು ಅಕ್ಟೋಬರ್ 1ರ ಸಂಜೆಯೇ ಆರಂಭವಾದಂತೆ ಕಾಣುತ್ತದೆ. ಸ್ಮಾರ್ತರಿಗೊಂದು ಏಕಾದಶಿ, ಭಾಗವತರಿಗೊಂದು ಏಕಾದಶಿ ಎಂಬುದನ್ನು ಬಲ್ಲ ನಮಗೆ ಇದು ಅಷ್ಟೇನೂ ಹೊಸದಲ್ಲ. ಪಂಚಾಂಗದಲ್ಲಾದರೋ ಭೇದಕ್ಕೆ ಕಾರಣವನ್ನು ತಿಳಿದೇ ಹಾಗೆ ಬರೆದಿರುತ್ತಾರೆ. ಇಲ್ಲಿ ಯಾರಿಗೂ ತಿಳಿಯದ ಹಾಗೆ ದಿನ ಜಾರುತ್ತದೆ.

ಇನ್ನು ಜನಗಳ ಪುಸ್ತಕ. ವಿಳಾಸದ ನಿಯಮಾವಳಿಯನ್ನು ರೂಪಿಸಿದವರು ಹೆಸರಿಗೆ ಮನೆತನದ ಹೆಸರು, ಸ್ವಂತದ ಹೆಸರು ಮೊದಲಾದ ಅಂಕಣಗಳನ್ನು ಹಾಕಿದರು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬ ಹೆಸರು ಆ ಅಂಕಣಗಳಲ್ಲಿ ಸುಖವಾಗಿ ಕೂರುತ್ತದೆ: ಸ್ವಂತದ ಹೆಸರು, ತಂದೆಯ ಹೆಸರು, ಮನೆತನದ ಹೆಸರು. ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ ಎಂಬ ಹೆಸರನ್ನು ಎಲ್ಲಿ ಕೂರಿಸುವುದು? ಕುಪ್ಪಳ್ಳಿ ಊರು, ವೆಂಕಟಪ್ಪ ತಂದೆ, ಪುಟ್ಟಪ್ಪ ಸ್ವಂತದ ಹೆಸರು. ಮನೆತನದ ಅಂಕಣಕ್ಕೆ ಏನೂ ಉಳಿಯುವುದಿಲ್ಲ. ಫೋನಿನ ತಂತ್ರಾಂಶ ಕೊನೆಯದನ್ನು ಮನೆತನವೆಂದು ಬಗೆದು, ಮೇಜಿನ ತಂತ್ರಾಂಶದಲ್ಲಿ ನಾವು ಅದನ್ನೇ ಸ್ವಂತದ ಹೆಸರೆಂದು ಬರೆದರೆ, ತಾಳೆ ಮುಗಿಯುವ ಹೊತ್ತಿಗೆ ಒಬ್ಬರು ಇಬ್ಬರಾಗಿರುವುದೂ ಉಂಟು. 1998ರ ನಿಯಮದಲ್ಲಿ ಹೆಸರನ್ನು ಹೀಗೆ ಒಡೆದು ಬರೆಯುವುದು ಕಡ್ಡಾಯವಾಗಿತ್ತು. 2011ರ ನಿಯಮ ಆ ಕಡ್ಡಾಯವನ್ನು ತೆಗೆದು, ಪೂರ್ಣ ಹೆಸರು ಒಂದಿದ್ದರೆ ಸಾಕೆಂದಿತು. ಕನ್ನಡದಂಥ ಲಿಪಿಗಳೂ ಕೆಡದೆ ಉಳಿಯುವಂತೆ ಒಂದೇ ಅಕ್ಷರಸಂಕೇತವನ್ನು ವಿಧಿಸಿತು. ತಿಳಿದು ಮಾಡಿದ ತಿದ್ದುಪಡಿ ಅದು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಅಳಿಸುವಿಕೆ. ಒಂದು ಹೆಸರು ಅಲ್ಲಿದೆ, ಇಲ್ಲಿಲ್ಲ. ಇದರ ಅರ್ಥ ಅದು ಇಲ್ಲಿಗೆ ಇನ್ನೂ ಬಂದಿಲ್ಲವೆಂದೋ, ಇಲ್ಲಿ ಅದನ್ನು ಅಳಿಸಿದರೆಂದೋ? ಇಲ್ಲದಿರುವಿಕೆ ಎರಡರಲ್ಲಿಯೂ ಒಂದೇ. ಅರ್ಥ ಮಾತ್ರ ಪೂರ್ತಿ ಬೇರೆ. ಆದಕಾರಣ ಸರ್ವರ್ ಇದ್ದವರ ಲೆಕ್ಕದ ಜೊತೆಗೆ ಹೋದವರ ಲೆಕ್ಕವನ್ನೂ ಇಡಬೇಕಾಗುತ್ತದೆ. ಕಳೆದ ಸಲ ತಾಳೆ ನೋಡಿದ ಮೇಲೆ ಬಂದವರು ಇವರು, ಬದಲಾದವರು ಇವರು, ಹೋದವರು ಇವರು ಎಂದು ಒಟ್ಟಾಗಿ ತಿಳಿಸುವ ಕ್ರಮವೊಂದು 2012ರಲ್ಲಿ ನಿಯಮವಾಗಿ ಬಂದಿತು. ಇದರಿಂದ ಕೆಲಸ ಬಲು ಚುರುಕಾಯಿತು; ಹಾಗೆಯೇ ಒಂದು ಕಡೆ ಅಳಿಸಿದ್ದು ಎಲ್ಲ ಕಡೆಯೂ ಅಳಿಸಿಹೋಗುವುದೂ ಚುರುಕಾಯಿತು. ತೀರಿಕೊಂಡ ಸಹೋದ್ಯೋಗಿಯ ಹೆಸರನ್ನು ತಿಂಗಳಾದರೂ ಅಳಿಸಲಾರದೆ ಇಟ್ಟುಕೊಂಡವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಮರಣದ ದಿನವನ್ನು ಬರೆದಿಡುವ ಅಂಕಣವೊಂದನ್ನೂ ನಿಯಮ ಮಾಡುವವರು 2011ರಲ್ಲಿಯೇ ಸೇರಿಸಿದ್ದಾರೆ. ನನ್ನ ಮೇಜಿನ ತಂತ್ರಾಂಶದಲ್ಲಿ ಹುಟ್ಟಿದ ದಿನಕ್ಕೆ ಜಾಗವಿದೆ. ಆ ಇನ್ನೊಂದಕ್ಕೆ ಇಲ್ಲ. ಅಲ್ಲಿಯವರೆಗೆ ಟಿಪ್ಪಣಿಯ ಜಾಗದಲ್ಲಿ ಒಂದು ಸಾಲು ಬರೆದು, ಹೆಸರನ್ನು ಹಾಗೆಯೇ ಬಿಡುವುದನ್ನು ರೂಢಿಮಾಡಿಕೊಂಡಿದ್ದೇನೆ.

ಕೊನೆಯದಾಗಿ, ಈ ಪುಸ್ತಕಗಳು ಯಾರವು? ನನ್ನ ಮೇಜಿನ ಮೇಲಿದ್ದರೂ ಕಚೇರಿಯ ಖಾತೆಯ ಪುಸ್ತಕ ಕಚೇರಿಯದೇ. ಒಂದು ಕಚೇರಿಯಲ್ಲಿ ಮೂವತ್ತು ವರ್ಷ ದುಡಿದ ನನ್ನ ಸ್ನೇಹಿತರೊಬ್ಬರು ನಿವೃತ್ತರಾದರು. ನಿಯಮದಂತೆ ಅವರ ಖಾತೆಯನ್ನು ಮುಚ್ಚಿದರು. ಆ ಖಾತೆಯನ್ನು ಯಂತ್ರದಿಂದ ತೆಗೆದಾಗ ಅದರ ಬೆನ್ನಿಗೆ ಬಂದಿದ್ದ ವಿಳಾಸಗಳೂ ಹೋದವು. ಕೊಟ್ಟು ತಂದು ಮಾಡುತ್ತಿದ್ದ ಹಳೆಯ ಗೆಳೆಯರು, ಕಷ್ಟಕ್ಕೆ ಒದಗಿದ ವೈದ್ಯರು, ಮಗಳ ಮದುವೆಗೆ ಬಂದವರು, ಎಲ್ಲರೂ ಅದೇ ಪುಸ್ತಕದಲ್ಲಿದ್ದರು. ಯಾರೂ ಅವರಿಗೆ ಅನ್ಯಾಯ ಮಾಡಲಿಲ್ಲ. ತನ್ನ ಪುಸ್ತಕವನ್ನು ಕಚೇರಿ ಹಿಂದಕ್ಕೆ ತೆಗೆದುಕೊಂಡಿತು, ಅಷ್ಟೆ. ಆದರೂ ಮೂವತ್ತು ವರ್ಷದ ನಂಟನ್ನು ಅವರು ನೆನಪಿನಿಂದ ಒಂದೊಂದಾಗಿ ಹೆಕ್ಕಬೇಕಾಯಿತು.

ಆದ್ದರಿಂದ ಕಚೇರಿಯ ಪುಸ್ತಕ ಬೇರೆ, ಮನೆಯ ಪುಸ್ತಕ ಬೇರೆ ಇರಲಿ. ತಂತ್ರಾಂಶದ ಒಂದೇ ಪರದೆಯಲ್ಲಿ ಎರಡನ್ನೂ ಬೇರೆ ಬೇರೆ ಬಣ್ಣದಲ್ಲಿ ತೋರಿಸಿಕೊಳ್ಳಬಹುದು. ಒಂದರೊಳಗೆ ಇನ್ನೊಂದನ್ನು ಸುರಿಯಬೇಕಾಗಿಲ್ಲ. ಮೊದಲ ಸಲ ತಾಳೆಗೆ ಕೂರುವ ಮುನ್ನ ಎರಡು ಪುಸ್ತಕಗಳ ಪ್ರತಿಯನ್ನೂ ಕಡತವಾಗಿ ಪ್ರತ್ಯೇಕ ಇಟ್ಟುಕೊಳ್ಳಿ. ಆಗಾಗ ಹಾಗೆ ಮಾಡಿದರೆ ಇನ್ನೂ ಒಳ್ಳೆಯದು. ವೈದ್ಯರನ್ನು ಕಾಣಬೇಕಾದ ಹೊತ್ತನ್ನು ಕಚೇರಿಯ ದಿನಚರಿಯಲ್ಲಿ ಬರೆಯಲೇಬೇಕಾದರೆ, ಆ ಹೊತ್ತು ಬಿಡುವಿಲ್ಲ ಎಂದಷ್ಟೇ ಬರೆಯಿರಿ. ಕಾರಣ ಮನೆಯ ಪುಸ್ತಕದಲ್ಲಿರಲಿ.

ಯಂತ್ರ ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡುತ್ತದೆ. ಎರಡು ಪುಸ್ತಕಗಳಲ್ಲಿ ಬರೆದದ್ದು ಒಂದೇ ಎಂದು ಅದು ಹೇಳಬಲ್ಲದು. ಬರೆದದ್ದು ಸರಿಯೇ, ಉಳಿಯಬೇಕಾದದ್ದು ಉಳಿದಿದೆಯೇ ಎಂಬುದನ್ನು ಹೇಳಲಾರದು. ಹಳೆಯ ಗುಮಾಸ್ತೆ ತಾಳೆ ನೋಡುವಾಗ ಅಂಕಿಗಳ ಜೊತೆಗೆ ಆಸಾಮಿಯನ್ನೂ ನೆನೆಯುತ್ತಿದ್ದ. ಆ ಭಾಗದ ಕೆಲಸ ಇನ್ನೂ ನಮ್ಮ ಪಾಲಿಗೇ ಇದೆ.