ಗಾಯ ಕಂಡಾಗ ಗದರಬೇಡಿ



ನಾನು ಪ್ರಸಾದ ನಿಲಯವೊಂದರ ಮೇಲ್ವಿಚಾರಕಿ. ಒಮ್ಮೆ ಹುಡುಗಿಯೊಬ್ಬಳು ತಾನೇ ಮಾಡಿಕೊಂಡ ಗಾಯ ಕಂಡು ಎಲ್ಲರೆದುರು ಗದರಿಸಿದೆ. ಮರುದಿನ ಅವಳು ತುಂಬುತೋಳಿನ ಅಂಗಿ ತೊಟ್ಟಳು. ನೋವು ನಿಲ್ಲಲಿಲ್ಲ, ನನ್ನ ಕಣ್ಣಿಗೆ ಮರೆಯಾಯಿತಷ್ಟೆ.

ಆಮೇಲೆ ತರಬೇತಿಯಲ್ಲಿ ಕಲಿತೆ: ಮೊದಲು ಗಾಯಕ್ಕೆ ಆರೈಕೆ. ನಂತರ ಒಬ್ಬಳನ್ನೇ ಕೂರಿಸಿಕೊಂಡು, ‘ಏನು ನೋಯುತ್ತಿದೆ, ಮಗಳೇ?’ ಎನ್ನಬೇಕು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಬೇಕು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬಾರದು; ಯಾರಿಗೆ, ಏಕೆ ಹೇಳುತ್ತೇವೆಂದು ಅವಳಿಗೇ ಮೊದಲು ತಿಳಿಸಬೇಕು. ಆಪ್ತಸಮಾಲೋಚಕರು ಹತ್ತಿರವಿಲ್ಲದಿದ್ದರೆ ಟೆಲಿ-ಮಾನಸ್ 14416 ಇದೆ, ಹಗಲಿರುಳೂ ಉಚಿತ.

ಈ ತರಬೇತಿ ಅಡುಗೆಯವರಿಗೂ ಬೇಕು; ಮಗು ಊಟ ಬಿಟ್ಟದ್ದು ಮೊದಲು ಕಾಣುವುದು ಅವರಿಗೇ. ಅನ್ನ, ಅಕ್ಷರ ಕೊಡುವ ನಮ್ಮ ಮಠಗಳು ಕೇಳುವ ಕಿವಿಯನ್ನೂ ಕೊಡಲಿ. ಅದೂ ದಾಸೋಹವೇ.